ಒಂದು ರಾತ್ರಿಯ ಹೊಲ

ಇಟಲಿ ದೇಶದ ರಸ್ತೆ ಸಂಚಾರ ಕಾಯ್ದೆಯಲ್ಲಿ 185ನೇ ಕಲಮು ಅಂತ ಒಂದಿದೆ. ಹಾಸಿಗೆ, ಒಲೆ, ನೀರಿನ ಟಾಕಿ, ಪಾಯಖಾನೆ ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ತಿರುಗುವ ಮೋಟರ್‌ಹೋಮ್ ಗಾಡಿಗಳ ಬಗ್ಗೆ ಅದು ಮಾತಾಡುತ್ತದೆ. ಇಂಥ ಗಾಡಿ ರಾತ್ರಿ ಎಲ್ಲಾದರೂ ನಿಂತರೆ ಅದು ಬರೀ ನಿಂತಿದೆಯೋ, ಬಿಡಾರ ಹೂಡಿದೆಯೋ? ಕಾಯ್ದೆ ಮೂರು ಮಾತಿನಲ್ಲಿ ತೀರ್ಪು ಕೊಡುತ್ತದೆ. ಚಕ್ರಗಳ ಹೊರತು ಗಾಡಿಯ ಇನ್ನಾವ ಭಾಗವೂ ನೆಲ ಮುಟ್ಟಬಾರದು. ಎಂಜಿನ್ನಿನ ಹೊಗೆಯ ಹೊರತು ಗಾಡಿಯಿಂದ ಏನೂ ಹೊರಗೆ ಬೀಳಬಾರದು. ತನ್ನ ಮೈಯಗಲಕ್ಕಿಂತ ಗೇಣು ಜಾಗವನ್ನೂ ಹೆಚ್ಚು ಹಿಡಿಯಬಾರದು. ಇಷ್ಟು ಪಾಲಿಸಿದರೆ ನಿಂತ ಲೆಕ್ಕ. ಕುರ್ಚಿ ಹೊರಗೆ ಹಾಕಿ ಚಹಾ ಕುಡಿಯುತ್ತ ಕೂತಿರೋ, ಬಿಡಾರ ಹೂಡಿದ ಲೆಕ್ಕ. ಅಲ್ಲಿ ಬಿಡಾರಕ್ಕೆ ಪರವಾನಗಿ ಇಲ್ಲದಿದ್ದರೆ ದಂಡ. ಸ್ಪೇನಿನಲ್ಲೂ ಹೆಚ್ಚುಕಡಿಮೆ ಇದೇ ನಿಯಮ.

ಇದನ್ನು ನನಗೆ ಹೇಳಿದವಳು ನನ್ನ ತಂಗಿಯ ಮಗಳು. ಜರ್ಮನಿಯಲ್ಲಿ ನೌಕರಿ, ಗಂಡ ಧಾರವಾಡದ ಕಡೆಯವನು. ಇಬ್ಬರೂ ಸೇರಿ ಯಾರೋ ಬಳಸಿ ಬಿಟ್ಟ ಮೋಟರ್‌ಹೋಮ್ ಒಂದನ್ನು ಕೊಂಡು, ರಜೆ ಸಿಕ್ಕಾಗಲೆಲ್ಲ ಆಲ್ಪ್ಸ್ ದಾಟಿ ದಕ್ಷಿಣಕ್ಕೆ ಇಳಿಯುತ್ತಾರೆ. ಜೊತೆಗೆ ಒಂದು ನಾಯಿ. ಅದು ಹುಟ್ಟಿದ್ದು ಸ್ಪೇನಿನಲ್ಲಂತೆ, ಅಲ್ಲಿಯ ಬೀದಿನಾಯಿಗಳ ಆಶ್ರಯದಿಂದ ಜರ್ಮನಿಗೆ ದತ್ತು ಬಂದದ್ದು. ಹಾಗೆ ನೋಡಿದರೆ, ಸ್ಪೇನಿಗೆ ಹೋದಾಗ ಇವರಿಬ್ಬರಿಗೆ ಪ್ರವಾಸವಾದದ್ದು ಅದಕ್ಕೆ ತವರಿಗೆ ಹೋದಂತೆ ಆಗಬೇಕಿತ್ತು. “ಅದಕ್ಕ ಏನೂ ಗುರ್ತು ಹತ್ತಲಿಲ್ಲ ಮಾಮಾ, ಅಲ್ಲಿ ನಾಯಿಗೋಳಿಗೂ ಇದರ ಗುರ್ತು ಹತ್ತಲಿಲ್ಲ” ಎಂದು ನಕ್ಕಳು.

ಅವಳ ಫೋನು ಬಂದಾಗ ನಾನು ಮುಶಿಗೇರಿಯಲ್ಲಿದ್ದೆ. ಮುಂಚೆ ರೋಣ ತಾಲೂಕಿಗೆ ಸೇರಿದ್ದು, ಈಗ ಗಜೇಂದ್ರಗಡ ತಾಲೂಕು. ನಮ್ಮ ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣನ ಹೊಲ ಅಲ್ಲಿದೆ. ಕಡಲೆ ಕಿತ್ತು, ರಾಶಿ ಮಾಡಿ, ಹೊಟ್ಟು ಮನೆಗೆ ತಂದಾಗಿತ್ತು. ಬರಿದಾದ ಎರೆ ಹೊಲದಲ್ಲಿ ಕುರಿ ತರುಬಿಸಿದ್ದರು. ಹುನಗುಂದದ ಕಡೆಯ ಕುರಿಗಾರರು, ಎರಡು ಸಂಸಾರ. ಅವಳು ಅಲ್ಲಿಂದ ತನ್ನ ಗಾಡಿಯ ಒಳಗನ್ನು ವೀಡಿಯೊದಲ್ಲಿ ತೋರಿಸಿದಳು. ನಾನು ಫೋನು ತಿರುಗಿಸಿ ಇಲ್ಲಿಯ ಬಿಡಾರ ತೋರಿಸಿದೆ. ಎರಡು ತಿರುಗುವ ಮನೆಗಳು. ಎರಡರಲ್ಲೂ ನಾಯಿ ಇದೆ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆಂದು ನನಗೆ ಆಗ ಅನಿಸಿತ್ತು.

ಕುರಿಗಾರರ ಬಿಡಾರ ಇಳಿಯುವುದನ್ನು ನೋಡಬೇಕು. ಕುದುರೆಯ ಬೆನ್ನ ಮೇಲೆ ಹೇರು; ಹೇರಿನ ಮೇಲೆ ಕಾಲು ಕಟ್ಟಿದ ಕೋಳಿ; ಪಕ್ಕದ ಚೀಲದಿಂದ ತಲೆಯಷ್ಟೇ ಹೊರಗೆ ಹಾಕಿದ ಎರಡು ನಾಯಿಮರಿ, ಇನ್ನೊಂದು ಪಕ್ಕದ ಚೀಲದಲ್ಲಿ ಅಂದೇ ಹುಟ್ಟಿದ ಕುರಿಮರಿ. ಹೆಣ್ಣುಮಗಳೊಬ್ಬಳು ಮೊದಲು ಮೂರು ಕಲ್ಲು ಹುಡುಕಿ ಒಲೆಯ ಜಾಗ ಗೊತ್ತುಮಾಡಿದಳು. ಗಂಡಸರು ಗೂಟ ಬಡಿದು ಬಲೆ ಕಟ್ಟಿದರು. ಅಂಗೈ ಅಗಲದ ಸೋಲಾರ್ ಪ್ಲೇಟೊಂದನ್ನು ಕುದುರೆಯ ಜೀನಿಗೆ ಕಟ್ಟಿದ್ದರು. ಹಗಲೆಲ್ಲ ನಡೆಯುತ್ತಲೇ ಮೊಬೈಲು ಚಾರ್ಜಾಗುತ್ತದಂತೆ. ಹೊತ್ತು ಮುಳುಗುವ ಮುಂಚೆ ಕುರಿಗಳು ಬಂದವು. ಈಗ ಇವರ ಹಿಂಡಿನಲ್ಲಿ ಕಂಬಳಿಗೆ ಉಣ್ಣೆ ಕೊಡುವ ಕರಿ ಕುರಿ ಕಡಿಮೆ, ಮಾಂಸಕ್ಕೆ ಬೆಲೆ ಬರುವ ಕೆಂಗುರಿ ಮತ್ತು ಯಳಗ ಜಾಸ್ತಿ. ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಎಂಬುದು ಈ ಸೀಮೆಯಲ್ಲಿ ಯಾವ ಕುರಿಗಾರನನ್ನು ಕೇಳಿದರೂ ಬರುವ ಮಾತು.

ನಾಯಿಗಳು ಮೂರು. ಅವುಗಳಲ್ಲಿ ಒಂದು ಮಾತ್ರ ಮುಧೋಳದ ತಳಿಯ ಹತ್ತಿರದ್ದು, ಉದ್ದ ಮೋರೆ, ಒಳಸರಿದ ಹೊಟ್ಟೆ. ಉಳಿದೆರಡು ನಾಡನಾಯಿ. ಹಿಂಡು ಬಲೆಯೊಳಗೆ ಸೇರುವವರೆಗೂ ಅವು ಕೂರಲಿಲ್ಲ. ಆಮೇಲೆ ಪ್ರತಿಯೊಂದೂ ತಾನಾಗಿ ಒಂದೊಂದು ದಿಕ್ಕಿಗೆ ಹೋಗಿ, ಬಲೆಯಿಂದ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ, ಕುರಿಗಳಿಗೆ ಬೆನ್ನು ಕೊಟ್ಟು ಮಲಗಿತು. ಯಾರೂ ಹೇಳಲಿಲ್ಲ, ಸೀಟಿ ಹಾಕಲಿಲ್ಲ. ಹಗಲು ಅವು ಹಿಂಡಿನ ಹಿಂದೆ ಮುಂದೆ ಅಡ್ಡಾಡುತ್ತವೆ, ಅಷ್ಟೇ. ಕುರಿ ಹೊಡೆಯುವ ಕೆಲಸ ಮನುಷ್ಯರದ್ದು, ಕೋಲಿನದು. ನಾಯಿಯ ಕೆಲಸ ಶುರುವಾಗುವುದು ನಡಿಗೆ ನಿಂತ ಮೇಲೆ. “ನಾಯಿ ಇಲ್ಲದ ಹಟ್ಟಿ ಅಂದ್ರ ಬಾಗಲಾ ಇಲ್ಲದ ಮನಿ ಇದ್ದಂಗ್ರಿ” ಎಂದರು ಅವರಲ್ಲಿ ಹಿರಿಯರು.

ಅವರಿಗೆ ನನ್ನ ಸೊಸೆಮಗಳ ಗಾಡಿಯ ಸಂಗತಿ ಹೇಳಿದೆ. ಕೇಳುತ್ತ ಕೇಳುತ್ತ ಅವರಿಗೆ ಖುಷಿಯಾಯಿತು. ಮನೆಯನ್ನೇ ಎಳಕೊಂಡು ಹೋಗುವವರು ಜಗತ್ತಿನಲ್ಲಿ ತಾವಷ್ಟೇ ಅಲ್ಲ ಎಂಬ ಸಮಾಧಾನ ಇರಬೇಕು. ನಾಯಿ ಏನು ತಿನ್ನುತ್ತದೆ, ನೀರಿಗೇನು ಮಾಡುತ್ತಾರೆ, ಹಾದಿ ಮಧ್ಯೆ ಕಳ್ಳಕಾಕರ ಕಾಟ ಇದೆಯೇ ಎಂದು ವ್ಯವಹಾರದ ಪ್ರಶ್ನೆಗಳನ್ನೇ ಕೇಳಿದರು. ಕೊನೆಗೆ ರಾತ್ರಿ ನಿಲ್ಲುವ ಮಾತು ಬಂತು. ಗಾಡಿಗಳು ತಂಗುವುದಕ್ಕೆಂದೇ ಅಲ್ಲಿ ಜಾಗಗಳಿರುತ್ತವೆ, ಒಂದು ರಾತ್ರಿಗೆ ಇಷ್ಟು ಅಂತ ಕಟ್ಟಬೇಕು ಎಂದೆ.

“ಇವರs ಕೊಡತಾರೇನ್ರಿ?”

“ಹೌದು.”

“ಹೊಲದವರು ಇವರಿಗೆ ಕೊಡೂದಿಲ್ಲ?”

ಇಲ್ಲ ಎಂದೆ. ಅವರು ನಮ್ಮಣ್ಣನ ಮುಖ ನೋಡಿದರು, ನಮ್ಮಣ್ಣ ನಕ್ಕ. ಏಕೆಂದರೆ ಇಲ್ಲಿ ಕೊಡುತ್ತಿದ್ದವನು ಅವನು. ಕುರಿ ತರುಬಿಸಿದರೆ ಇಷ್ಟು ಕುರಿಗೆ, ಇಷ್ಟು ರಾತ್ರಿಗೆ ಇಷ್ಟು ಅಂತ ಹೊಲದವನು ಕೊಡಬೇಕು. ಮುಂಚೆ ಜೋಳ ಅಳೆದು ಕೊಡುತ್ತಿದ್ದರು. ಈಗ ರೊಕ್ಕ, ಮೇಲೆ ಒಂದಿಷ್ಟು ಕಾಳು. ಇವತ್ತು ಈ ತುದಿಗೆ ಬಲೆ, ನಾಳೆ ಅದರ ಮಗ್ಗುಲಿಗೆ, ನಾಡಿದ್ದು ಇನ್ನೊಂದು ಪಟ್ಟಿಗೆ. ಹೀಗೆ ಸರಿಯುತ್ತ ಸರಿಯುತ್ತ ಇಡೀ ಹೊಲ ಹಿಕ್ಕೆ, ಗಂಜಲದಲ್ಲಿ ನೆನೆಯುತ್ತದೆ. ತಿಪ್ಪೆ ಗೊಬ್ಬರವಾದರೆ ಹೇರಬೇಕು, ಹರಗಬೇಕು. ಇದು ತಾನೇ ನಡೆದು ಬಂದು ತಾನೇ ಹರಡಿಕೊಳ್ಳುತ್ತದೆ. ಎರಡು ಮೂರು ವರ್ಷ ಹೊಲ ಅದನ್ನು ಮರೆಯುವುದಿಲ್ಲ ಎಂದು ಒಕ್ಕಲುತನದವರು ಹೇಳುತ್ತಾರೆ.

ಆವಾಗಿನಿಂದ ಈ ಎರಡು ಕಾಯ್ದೆಗಳು ನನ್ನ ತಲೆಯೊಳಗೆ ಜಗಳಾಡುತ್ತಿವೆ. ಇಟಲಿಯ ಲಿಖಿತ ಕಾಯ್ದೆ ಹೇಳುತ್ತದೆ, ನಿನ್ನಿಂದ ಏನೂ ಹೊರಗೆ ಬೀಳದಿದ್ದರೆ ನೀನು ನಿಲ್ಲಬಹುದು. ಮುಶಿಗೇರಿಯ ಬಾಯಿಮಾತಿನ ಕಾಯ್ದೆ ಹೇಳುತ್ತದೆ, ನಿನ್ನಿಂದ ಏನಾದರೂ ಹೊರಗೆ ಬೀಳುವುದಿದ್ದರೆ ಮಾತ್ರ ನಿಲ್ಲು. ಒಂದರಲ್ಲಿ ಒಳ್ಳೆಯ ಅತಿಥಿಯೆಂದರೆ ಗುರುತು ಬಿಡದವನು. ಇನ್ನೊಂದರಲ್ಲಿ ಒಳ್ಳೆಯ ಅತಿಥಿಯ ಗುರುತು ಮುಂದಿನ ಜೋಳದ ತೆನೆಯಲ್ಲಿ ಕಾಣಬೇಕು.

ಇದರಲ್ಲಿ ಯಾವುದು ಮೇಲು ಎಂದು ಹೇಳಿಬಿಡುವುದು ಸುಲಭ, ಅದರಲ್ಲೂ ಮುಶಿಗೇರಿಯ ಹೊಲದ ಬದುವಿನ ಮೇಲೆ ಕೂತಾಗ. ಆದರೆ ಇಟಲಿಯ ಕಾಯ್ದೆ ಮನುಷ್ಯನನ್ನು ಸರಿಯಾಗಿಯೇ ತೂಗಿದೆ ಎಂದು ನನಗನಿಸುತ್ತದೆ. ನೋಡಲಿಕ್ಕೆಂದು ತಿರುಗುವ ನಮ್ಮಂಥವರ ಹತ್ತಿರ ದಾರಿಯ ಊರಿಗೆ ಬೇಕಾದದ್ದು ರೊಕ್ಕ ಬಿಟ್ಟರೆ ಏನೂ ಇರುವುದಿಲ್ಲ. ನಮ್ಮ ಬಚ್ಚಲ ನೀರು, ಪ್ಲಾಸ್ಟಿಕ್ಕು, ಪಾಯಖಾನೆಯ ಡಬ್ಬಿಯೊಳಗಿನ ರಾಸಾಯನಿಕ ಯಾವ ನೆಲಕ್ಕೂ ಒಗ್ಗುವಂಥದ್ದಲ್ಲ. ಕೊಡಲಿಕ್ಕೆ ಏನೂ ಇಲ್ಲದವನು ಏನೂ ಬಿಡದೆ ಹೋಗುವುದೇ ಮರ್ಯಾದೆ. ನಮ್ಮ ಯಾತ್ರಾಸ್ಥಳಗಳ ಹೊಳೆದಂಡೆಯಲ್ಲಿ ಬಿದ್ದ ಬಟ್ಟೆ, ಶಾಂಪೂ ಚೀಟಿಗಳನ್ನು ಕಂಡವರಿಗೆ 185ನೇ ಕಲಮು ನಮ್ಮಲ್ಲೂ ಬೇಕಿತ್ತು ಅನಿಸೀತು. ಅದರ ಕೊರತೆ ಬೇರೆ ಕಡೆ ಇದೆ. ಗುರುತು ಬಿಡದ ಅತಿಥಿಯನ್ನು ಯಾರೂ ಕಾಯುವುದಿಲ್ಲ. ಕುರಿಗಾರರು ಈ ವರ್ಷ ಎಂದು ಬಂದಾರು ಎಂದು ನಮ್ಮಣ್ಣ ಕಡಲೆ ಕೀಳುವ ಮೊದಲೇ ಎರಡು ಸಲ ಫೋನು ಮಾಡಿದ್ದ. ನನ್ನ ಸೊಸೆಮಗಳು ಬಂದಾಳು ಎಂದು ದಕ್ಷಿಣ ಯುರೋಪಿನ ಯಾವ ಹೊಲದವನೂ ಹಾದಿ ನೋಡುವುದಿಲ್ಲ. ಆಕೆಗೂ ಇದು ಗೊತ್ತು. “ನಾವು ಹ್ವಾದ್ರ ಅವರಿಗೆ ಏನೂ ಕಮ್ಮಿ ಆಗೂದಿಲ್ಲ ಮಾಮಾ, ಬಂದ್ರ ಏನೂ ಹೆಚ್ಚಾಗೂದಿಲ್ಲ” ಎಂದಳು. ದೂರಿನ ದನಿಯಲ್ಲಲ್ಲ, ಅದೇ ಅವಳಿಗೆ ಬಿಡುಗಡೆ.

ಆ ಬಿಡುಗಡೆಗೆ ಒಂದೇ ಅಡ್ಡಿ, ನಾಯಿ. ಆಕೆಯ ಪ್ರಯಾಣದ ಅರ್ಧ ನಿರ್ಧಾರಗಳು ನಾಯಿಯವು. ಯುರೋಪ್ ಒಕ್ಕೂಟದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ದಾಟುವ ನಾಯಿಗೆ ಚರ್ಮದಡಿ ಮೈಕ್ರೊಚಿಪ್ ಇರಬೇಕು, ಆಮೇಲೆ ರೇಬೀಸ್ ಲಸಿಕೆ ಹಾಕಿಸಿ, ಮೊದಲ ಲಸಿಕೆಯಾದರೆ 21 ದಿನ ಕಳೆದಿರಬೇಕು, ಅದೆಲ್ಲ ನಾಯಿಯ ಹೆಸರಿನ ಪಾಸ್‌ಪೋರ್ಟಿನಲ್ಲಿ ದಾಖಲಾಗಿರಬೇಕು. ಅದು ಕಾಗದಪತ್ರದ ಮಾತಾಯಿತು. ದಕ್ಷಿಣಕ್ಕೆ ಇಳಿದಂತೆಲ್ಲ ನೆಲವೇ ಬೇರೆ ಷರತ್ತು ಹಾಕುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಪೈನ್ ಮರಗಳಿಂದ ಸಾಲುಗಟ್ಟಿ ಇಳಿಯುವ ಒಂದು ಕಂಬಳಿಹುಳು ಇದೆ. ನಾಯಿ ಕುತೂಹಲಕ್ಕೆ ಮೂಸಿದರೆ ಅದರ ರೋಮ ತಾಗಿ ನಾಲಿಗೆ ಬಾತು, ಕೆಲವೊಮ್ಮೆ ಕೊಳೆತು ಹೋಗುತ್ತದೆ. ಬೇಸಿಗೆಯಲ್ಲಿ ಮರಳುನೊಣ. ಅದು ಕಚ್ಚಿ ಹರಡುವ ಲೀಷ್ಮೇನಿಯಾ ರೋಗ ಭೂಮಧ್ಯ ಸಮುದ್ರದ ಸುತ್ತಿನ ನಾಯಿಗಳ ದೊಡ್ಡ ಶತ್ರು. ಆ ನೊಣ ಹಾರುವುದು ಸಂಜೆಯಿಂದ ಬೆಳಗಿನವರೆಗೆ. ಹಾಗಾಗಿ ಅಲ್ಲಿಯ ಪಶುವೈದ್ಯರು ಹೇಳುವುದು: ಹೊತ್ತು ಮುಳುಗಿದ ಮೇಲೆ ನಾಯಿಯನ್ನು ಒಳಗೆ ಕರೆದುಕೊಳ್ಳಿ. ಹಗಲು ಮುಚ್ಚಿದ ಗಾಡಿಯಲ್ಲಿ ಬಿಟ್ಟು ಇಗರ್ಜಿ, ವಸ್ತುಸಂಗ್ರಹಾಲಯ ನೋಡಲು ಹೋಗುವ ಹಾಗಿಲ್ಲ. ಹೊರಗೆ 30 ಡಿಗ್ರಿ ಇದ್ದರೂ ಒಳಗೆ ಅರ್ಧ ತಾಸಿನಲ್ಲಿ 40 ದಾಟುತ್ತದೆ, ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವೆತು ತಣ್ಣಗಾಗುವ ಭಾಗ್ಯವಿಲ್ಲ. ಹಾಗಾಗಿ ರೋಮ್ ನಗರದಲ್ಲಿ ಅವಳು ಒಳಗೆ ಹೋದಾಗ ಗಂಡ ಹೊರಗೆ ನೆರಳಿನಲ್ಲಿ ನಾಯಿಯ ಜೊತೆ, ಅವನು ಹೋದಾಗ ಇವಳು. ಇಬ್ಬರೂ ಜೊತೆಯಾಗಿ ನೋಡಿದ್ದು ಬಯಲುಗಳನ್ನು, ಬೆಟ್ಟಗಳನ್ನು, ಮತ್ತು ಜನರಿಲ್ಲದ ಕಾಲದ ಸಮುದ್ರದಂಡೆಯನ್ನು. ಬೇಸಿಗೆಯಲ್ಲಿ ಬಹಳಷ್ಟು ದಂಡೆಗಳಿಗೆ ನಾಯಿಗೆ ಪ್ರವೇಶವಿಲ್ಲ.

ನನಗೆ ಇದು ನಷ್ಟ ಅನಿಸಲಿಲ್ಲ. ಮಾತಾಡಲು ಬಾರದ ಜೀವ ಒಂದು ಜೊತೆಗಿದ್ದರೆ ಪ್ರಯಾಣಿಕನಿಗೆ ಪಟ್ಟಿ ಮುಗಿಸುವ ಚಪಲ ಇಳಿಯುತ್ತದೆ. ಅದರ ನೀರಿನ ಹೊತ್ತು, ನೆರಳಿನ ಹೊತ್ತು, ಉಚ್ಚೆಯ ಹೊತ್ತು ನಮ್ಮ ಗಡಿಯಾರವಾಗುತ್ತದೆ. ಕುರಿಗಾರರೂ ಹೀಗೇ ಅಲ್ಲವೇ? ಇಂಥ ದಿನ ಇಂಥ ಊರು ಎಂದು ಅವರು ಹೊರಡಬಹುದು. ಒಂದು ಕುರಿ ಈಯಲು ಕೂತರೆ ಆ ದಿನದ ಲೆಕ್ಕ ಅಲ್ಲಿಗೇ ನಿಂತಿತು.

ವ್ಯತ್ಯಾಸವಿರುವುದು ರಾತ್ರಿಯಲ್ಲಿ. ಅಲ್ಲಿ ರಾತ್ರಿಯಾದರೆ ನಾಯಿಯನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕುತ್ತಾರೆ. ಇಲ್ಲಿ ಬಾಗಿಲೇ ಅದು. ಈ ಎರಡು ಬಗೆಯ ನಾಯಿಗಳು ಎದುರುಬದುರಾದ ಸಂಗತಿಯನ್ನೂ ಆಕೆ ಹೇಳಿದಳು. ಇಟಲಿಯ ಅಬ್ರುತ್ಸೋ ಸೀಮೆಯಲ್ಲಿ ಕಾಂಪೋ ಇಂಪೆರತೋರೆ ಎಂಬ ಎತ್ತರದ ಬಯಲು ಇದೆ. ಬೇಸಿಗೆಗೆ ಕುರಿಹಿಂಡುಗಳು ಅಲ್ಲಿಗೆ ಏರುತ್ತವೆ, ಮೋಟರ್‌ಹೋಮ್‌ಗಳೂ ಏರುತ್ತವೆ. ಹಿಂಡಿನ ಜೊತೆ ಬಿಳಿಯ ದೊಡ್ಡ ನಾಯಿಗಳು, ಮಾರೆಮ್ಮಾ ತಳಿಯವು. ತೋಳಗಳಿರುವ ಸೀಮೆಯಾದ್ದರಿಂದ ಅವುಗಳ ಕೊರಳಿಗೆ ಹಿಂದೆ ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರು, ಈಗಲೂ ಕೆಲವರು ಕಟ್ಟುತ್ತಾರೆ. ಇವರ ನಾಯಿ ಗಾಡಿಯಿಂದ ಇಳಿದು ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ಹಾಕಿದ್ದೇ ತಡ, ಎರಡು ಬಿಳಿನಾಯಿಗಳು ಹಿಂಡು ಬಿಟ್ಟು ಬಂದು, ಇಷ್ಟು ದೂರದಲ್ಲಿ ನಿಂತವು. ಬೊಗಳಿದವು, ಮೈಮೇಲೆ ಬರಲಿಲ್ಲ. ಇವರದು ಬಾಲ ಒಳಗೆ ಹಾಕಿ ಗಾಡಿಯಡಿ ನುಸುಳಿತು. ಕುರಿಗಾರ ದೂರದಿಂದ ಕೈಸನ್ನೆ ಮಾಡಿದ. ನಾಯಿಯನ್ನು ಒಳಗೆ ಹಾಕಿರಿ, ಗಾಡಿಯನ್ನು ಆಚೆ ಒಯ್ಯಿರಿ. ಆ ಬಯಲು ನೋಡಲು ಎಲ್ಲರದೂ. ಹಿಂಡು ನಿಂತ ಜಾಗದ ಮೊದಲ ಹಕ್ಕು ಮಾತ್ರ ಹಿಂಡಿನದು ಎಂದು ಆಕೆಗೆ ತಿಳಿಸಿದ್ದು ಯಾವ ಫಲಕವೂ ಅಲ್ಲ, ಆ ನಾಯಿಗಳು.

ಅಬ್ರುತ್ಸೋದ ಕುರಿಗಾರರಿಗೆ ಆ ಹಕ್ಕು ನಿನ್ನೆ ಮೊನ್ನೆ ಸಿಕ್ಕಿದ್ದಲ್ಲ. ಬೆಟ್ಟದ ಲಾಕ್ವಿಲಾದಿಂದ ಬಯಲಿನ ಫೊಜ್ಜಾ ಪಟ್ಟಣದವರೆಗೆ 244 ಕಿಲೋಮೀಟರ್ ಉದ್ದದ ಕುರಿದಾರಿ ಇದೆ, ಅಗಲ 111 ಮೀಟರು. ಅಗಲವನ್ನು ಇನ್ನೊಮ್ಮೆ ಓದಬೇಕು. ನಮ್ಮ ನಾಲ್ಕು ಪಥದ ಹೆದ್ದಾರಿಯನ್ನು ಅದರೊಳಗೆ ಹಾಸಿದರೂ ಜಾಗ ಮಿಗುತ್ತದೆ. 1447ರಲ್ಲಿ ನೇಪಲ್ಸಿನ ಅರಸ ಅಲ್ಫಾನ್ಸೋ ಈ ದಾರಿಗಳ ಮೇಲೆ ಸುಂಕದ ಕಟ್ಟೆ ಸ್ಥಾಪಿಸಿದ. ಸುಂಕ ತೆಗೆದುಕೊಂಡ, ಬದಲಿಗೆ ದಾರಿಯನ್ನೂ ಹುಲ್ಲನ್ನೂ ಕಾಯ್ದುಕೊಟ್ಟ. ಸ್ಪೇನಿನಲ್ಲಿ 1273ರಲ್ಲೇ ಕುರಿ ಸಾಕಣೆದಾರರ ಕೂಟಕ್ಕೆ ರಾಜಮನ್ನಣೆ ಸಿಕ್ಕಿತ್ತು. ಅಲ್ಲಿ 1995ರ ಒಂದು ಕಾಯ್ದೆಯ ಪ್ರಕಾರ ಕುರಿದಾರಿಗಳು ಇಂದಿಗೂ ಸಾರ್ವಜನಿಕ ಆಸ್ತಿ, ಮಾರುವಂತಿಲ್ಲ. ಅದನ್ನು ಊರವರಿಗೆ ನೆನಪಿಸಲಿಕ್ಕೆ ಶರತ್ಕಾಲದಲ್ಲಿ ಮ್ಯಾಡ್ರಿಡ್ ರಾಜಧಾನಿಯ ನಟ್ಟನಡುವಿನ ಬೀದಿಗಳಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಾರೆ. 1418ರ ಒಪ್ಪಂದದಂತೆ ಸಾವಿರ ಕುರಿಗೆ ಐವತ್ತು ಹಳೆಯ ನಾಣ್ಯ ಎಂದು ನಗರಸಭೆಗೆ ಶಾಸ್ತ್ರಕ್ಕೆ ಸುಂಕವನ್ನೂ ಕಟ್ಟುತ್ತಾರೆ. ಯುನೆಸ್ಕೋ 2019ರಲ್ಲಿ ಆಸ್ಟ್ರಿಯಾ, ಗ್ರೀಸ್, ಇಟಲಿಗಳ ಕುರಿಗಾರರ ವಲಸೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು; 2023ರಲ್ಲಿ ಸ್ಪೇನ್, ಫ್ರಾನ್ಸ್ ಮುಂತಾದ ಇನ್ನಷ್ಟು ದೇಶಗಳು ಸೇರಿದವು.

ನಮ್ಮ ಕುರಿಗಾರರ ದಾರಿ ಯಾವ ನಕ್ಷೆಯಲ್ಲೂ ಇಲ್ಲ. ಯಾವ ಹಳ್ಳದ ದಂಡೆ, ಯಾರ ಬದು, ಯಾವ ಕೆರೆಯ ಹಿನ್ನೀರು ಎಂಬುದು ಹಿರಿಯರ ತಲೆಯಲ್ಲಿದೆ. ನಡುವೆ ಊರೂರಿನ ಗಾಯರಾಣ ಅವರ ಆಸರೆಯಾಗಿತ್ತು. ಗಾಯರಾಣಗಳು ಕರಗುತ್ತ ಬಂದವು. ಕೆಲವು ಒತ್ತುವರಿ, ಕೆಲವು ಆಶ್ರಯ ಮನೆ, ಕೆಲವು ಶಾಲೆ, ಸ್ಮಶಾನ. ಒಂದೊಂದಕ್ಕೂ ಒಂದೊಂದು ಒಳ್ಳೆಯ ಕಾರಣ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತವೆ. ಅವುಗಳಡಿ ಕುರಿ ಮೇಯಬಾರದು ಎಂದೇನಿಲ್ಲ, ಆದರೆ ಗುಡ್ಡ ಈಗ ಯಾರದೋ ಆಗಿದೆ ಎಂಬ ಭಾವನೆ ಮಾತ್ರ ದಾರಿಯುದ್ದಕ್ಕೂ ಹಬ್ಬಿದೆ. ಇನ್ನು ಹೊಲದ ಬೆಳೆಗೆ ಕುರಿ ಬಾಯಿ ಹಾಕಿತೆಂದು ಬಡಿದಾಟ, ರಾತ್ರಿ ಕುರಿ ಕಳವು, ಕುರಿಗಾರ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ. ಇದೆಲ್ಲ ಹೆಚ್ಚಿದ್ದರಿಂದಲೇ ವಲಸೆ ಕುರಿಗಾಹಿಗಳ ರಕ್ಷಣೆಗೆಂದು ಒಂದು ವಿಧೇಯಕ 2025ರಲ್ಲಿ ನಮ್ಮ ವಿಧಾನಮಂಡಲದವರೆಗೆ ಬಂತು. 1273 ಎಲ್ಲಿ, 2025 ಎಲ್ಲಿ!

ಹಾಗೆಂದು ನಮ್ಮ ನಾಡಿಗೆ ನಾಯಿಯ ಋಣ ಗೊತ್ತಿರಲಿಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ಗಂಗರ ಕಡೆಯ ವೀರನಿಗೆ ಒಡೆಯ ಮೆಚ್ಚಿ ಏನು ಬೇಕು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂಬ ಶಾಪವೂ ಅಲ್ಲಿದೆ. ನಾಯಿ ಏನು ಪಾಪ ಮಾಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೊಂದದ್ದೆಲ್ಲ ಒಡೆಯನ ಸಲುವಾಗಿಯೇ. ಹೂವಿನಹಡಗಲಿಯ ಮೈಲಾರಕ್ಕೆ, ರಾಣೆಬೆನ್ನೂರಿನ ಬಳಿಯ ದೇವರಗುಡ್ಡಕ್ಕೆ ಹೋದವರು ಗೊರವಯ್ಯಗಳನ್ನು ಕಂಡಿರುತ್ತಾರೆ. ಕರಿಕಂಬಳಿ ಹೊದ್ದು ಡಮರುಗ ಬಾರಿಸುವ ಅವರು ಮೈಲಾರಲಿಂಗನ ನಾಯಿಗಳೆಂದು ತಮ್ಮನ್ನು ಕರೆದುಕೊಂಡು, ಬೊಗಳುತ್ತ ಬಂದು, ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ ಹಾಲು ಬಾಳೆಹಣ್ಣಿಗೆ ಬಾಯಿ ಹಚ್ಚುತ್ತಾರೆ. ಕುರಿ ಸಾಕುವ ಕುಲಗಳ ದೇವರಿಗೆ ನಾಯಿಯಾಗುವುದು ಕೀಳಲ್ಲ, ಹರಕೆ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಮುಶಿಗೇರಿಯ ಆ ಹೊಲದಲ್ಲಿ ಮೂರು ನಾಯಿಗಳಲ್ಲಿ ಒಂದರ ಹಿಂಗಾಲು ಸೊಟ್ಟ. ಹೆದ್ದಾರಿಯಲ್ಲಿ ಲಾರಿ ತಾಗಿದ್ದು, ತಾನಾಗಿ ಕೂಡಿಕೊಂಡದ್ದು. ಯಾವುದಕ್ಕೂ ರೇಬೀಸ್ ಲಸಿಕೆ ಹಾಕಿಸಿದಂತೆ ಕಾಣಲಿಲ್ಲ. ಸೆಪ್ಟೆಂಬರ್ 28ರ ರೇಬೀಸ್ ದಿನದ ಲಸಿಕೆ ಶಿಬಿರ ಇವರು ನಡೆಯುವ ದಾರಿಗೆ ಬರುವುದಿಲ್ಲ. ರಾತ್ರಿ ಅವುಗಳ ಪಾಲಿಗೆ ಬಂದದ್ದು ನುಚ್ಚಿನ ಅಂಬಲಿ, ಒಣರೊಟ್ಟಿಯ ಚೂರು. ಅದನ್ನು ತಿಂದು ಮುಗಿಸುವುದಕ್ಕೂ ಒಂದಕ್ಕೊಂದು ಗುರ್ ಎನ್ನಬೇಕಾಯಿತು. ತೋಳದ ಭಯ ಈಗ ಎಷ್ಟಿದೆ ಎಂದು ಕೇಳಿದೆ. ಕೊಪ್ಪಳದ ಕಡೆ ಹೋದಾಗ ಇದೆ, ಇಲ್ಲಿ ತೋಳಕ್ಕಿಂತ ಮನುಷ್ಯರ ಭಯವೇ ಜಾಸ್ತಿ ಎಂದರು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಸರ್ಕಾರ ಒಂದು ಧಾಮ ಮಾಡಿದೆ ಎಂದೆ. “ತ್ವಾಳಕ್ಕ ಜಾಗಾ ಸಿಕ್ತು ಅನ್ರಿ” ಎಂದು ಬೀಡಿ ಹಚ್ಚಿದರು.

ಅತ್ತ ನನ್ನ ಸೊಸೆಮಗಳ ನಾಯಿಗೆ ಪಾಸ್‌ಪೋರ್ಟು, ವಿಮೆ, ಮಲಗಲು ಮೆತ್ತನೆ ಹಾಸಿಗೆ, ಕಾಲಿಗೆ ಮುಳ್ಳು ಹತ್ತಿದರೆ ಡಾಕ್ಟರು. ಪ್ರೀತಿಯಲ್ಲಿ ಯಾರು ಹೆಚ್ಚು ಎಂದು ತೂಗಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಆ ಪ್ರೀತಿಯಲ್ಲಿ ನಾಯಿಗೆ ಮಾಡಲು ಏನೂ ಉಳಿದಿಲ್ಲ, ಇರುವುದನ್ನು ಬಿಟ್ಟು. ಈ ನಾಯಿ ಹೊರಗೆ ಮಲಗಿ ಬೆನ್ನು ಕೊಡುವ ಕೆಲಸ ಕಳೆದುಕೊಂಡಿದೆ. ಆ ನಾಯಿಗಳು ಒಳಗೆ ಬರುವ ಹಕ್ಕನ್ನು ಎಂದೂ ಪಡೆದಿಲ್ಲ. ಯಾವುದಾದರೂ ಒಂದನ್ನು ಆರಿಸಿಕೋ ಎಂದರೆ ನಾಯಿ ಏನು ಹೇಳೀತು? ನನ್ನ ಅಂದಾಜು ಅದು ಎರಡೂ ಬೇಕು ಎಂದೀತು. ರಾತ್ರಿ ಕಾಯುವ ಕೆಲಸ, ಮುಳ್ಳು ಹತ್ತಿದರೆ ಡಾಕ್ಟರು. ಇದು ಅಸಾಧ್ಯದ ಬೇಡಿಕೆಯೇನಲ್ಲ. ಗಜೇಂದ್ರಗಡದ ಪಶು ಆಸ್ಪತ್ರೆಯಿಂದ ಮುಶಿಗೇರಿಯ ಹೊಲಕ್ಕೆ ಒಂದು ಮೋಟರ್‌ಸೈಕಲ್ ಬರುವಷ್ಟೇ ದೂರ. ಕುರಿಗಳ ಲಸಿಕೆಗೆ ಬರುವವರು ಚೀಲದಲ್ಲಿ ನಾಯಿಯ ನಾಲ್ಕು ಡೋಸನ್ನೂ ಇಟ್ಟುಕೊಂಡು ಬರಬಹುದು. ಮುಧೋಳ ನಾಯಿಯ ಚಿತ್ರದ ಅಂಚೆಚೀಟಿಯನ್ನು 2005ರಲ್ಲಿ ಹೊರಡಿಸಿದ ದೇಶ ಇದು. ತಿಮ್ಮಾಪುರದಲ್ಲಿ ಆ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ತಳಿಗೆ ಸಿಕ್ಕ ಗೌರವ ಹಟ್ಟಿಯ ಮುಂದೆ ಮಲಗುವ ನಾಯಿಯವರೆಗೆ ನಡೆದು ಬರಬೇಕಾಗಿದೆ.

ಬೆಳಗ್ಗೆ ಬಲೆ ಕೀಳುವಾಗ ನಮ್ಮಣ್ಣ ಇನ್ನೆರಡು ರಾತ್ರಿ ನಿಲ್ಲಿರಿ, ಆ ಮೇಲಿನ ಪಟ್ಟಿ ಉಳಿದಿದೆ ಎಂದು ಕೇಳಿಕೊಂಡ. ಆಗುವುದಿಲ್ಲ, ಮುಂದಿನ ಊರಿನವರಿಗೆ ಮಾತು ಕೊಟ್ಟಾಗಿದೆ ಎಂದರು ಹಿರಿಯರು. ಅವನು ರೊಕ್ಕ ಹೆಚ್ಚಿಗೆ ಕೊಡುತ್ತೇನೆಂದ. “ರೊಕ್ಕದ ಮಾತಲ್ರಿ ಗೌಡ್ರ, ಅವರು ಹೊಲಾ ಹರಗದ ಹಂಗs ಬಿಟ್ಟು ಕುಂತಾರ” ಎಂದರು. ನಿಂತ ಜಾಗದಿಂದ ಏಳಬೇಕಾದ ಹೊತ್ತಿಗೆ ಏಳುವುದೂ ಅವರ ಕಾಯ್ದೆಯಲ್ಲಿ ಸೇರಿದೆ ಅಂತಾಯಿತು.

ಸೊಸೆಮಗಳು ಮುಂದಿನ ಚಳಿಗಾಲದಲ್ಲಿ ಊರಿಗೆ ಬರುವವಳಿದ್ದಾಳೆ, ನಾಯಿಯನ್ನೂ ತರಬೇಕೆಂಬ ಆಸೆ. ಭಾರತದಿಂದ ಮರಳಿ ಯುರೋಪಿಗೆ ಒಯ್ಯಬೇಕಾದರೆ ರೇಬೀಸ್ ಪ್ರತಿಕಾಯದ ರಕ್ತಪರೀಕ್ಷೆ ಆಗಿರಬೇಕು. ಹೊರಡುವ ಮೊದಲೇ ಅಲ್ಲಿ ಮಾಡಿಸಿ ಪಾಸ್‌ಪೋರ್ಟಿನಲ್ಲಿ ಬರೆಸಿಕೊಳ್ಳದಿದ್ದರೆ ಇಲ್ಲಿ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಆಕೆ ಅದನ್ನೆಲ್ಲ ವಿಚಾರಿಸಿಕೊಂಡಿದ್ದಾಳೆ. ಮುಶಿಗೇರಿಗೂ ಕರೆತರುತ್ತೇನೆ, ಆ ಕುರಿಗಾರರ ನಾಯಿಗಳ ಜೊತೆ ಒಂದು ರಾತ್ರಿ ಹೊಲದಲ್ಲಿ ಇರಿಸೋಣ ಎಂದಳು. ಆ ಮಾತನ್ನು ನಾನು ಕುದುರೆಗೆ ಹೇರು ಬಿಗಿಯುತ್ತಿದ್ದ ಹಿರಿಯರಿಗೆ ಮುಟ್ಟಿಸಿದೆ. ಅವರು ಹಲ್ಲಲ್ಲಿ ಹಿಡಿದಿದ್ದ ಹಗ್ಗ ಬಿಟ್ಟು, ತಲೆಯಾಡಿಸಿದರು.

“ಬರಲಿ ಅನ್ರಿ, ಊಟಾ ಮಾಡ್ಲಿ. ನಾಯಿ ಮಾತ್ರ ಗಾಡ್ಯಾಗs ಇಡಾಕ ಹೇಳ್ರಿ. ನಮ್ಮವು ಪಾಸ್‌ಪೋರ್ಟ್ ನೋಡೂದಿಲ್ಲ.”